ತೊರೆಯ ದಡ: ಬಡಾವಣೆಗಳ ನಿರ್ಮಾಣದಲ್ಲಿ ಅದರ ರಕ್ಷಣೆಯ ವಿಚಾರ

ಒಂದು ವಿಷಯವನ್ನು ಆದ್ಯಂತವಾಗಿ ಪರಿಶೀಲಿಸುವುದಕ್ಕೆ ಕನ್ನಡದಲ್ಲಿ 'ಕೂಲಂಕಷವಾಗಿ ವಿಚಾರಿಸುವುದು' ಎಂದು ಹೇಳುವ ರೂಢಿಯುಂಟು. ಕಚೇರಿಯ ಟಿಪ್ಪಣಿಗಳಲ್ಲಿಯೂ ನ್ಯಾಯಾಲಯದ ತೀರ್ಪುಗಳಲ್ಲಿಯೂ ಈ ಮಾತು ನಿತ್ಯವೂ ಬರುತ್ತಿರುವುದಾದರೂ ಇದರ ಅವಯವಾರ್ಥವನ್ನು ಆಲೋಚಿಸುವವರು ವಿರಳ. ಕೂಲವೆಂದರೆ ದಡ, ದಡವನ್ನು ಉಜ್ಜುವುದು ಕೂಲಂಕಷ. ಈ ರೂಪವನ್ನು ಪಾಣಿನಿಯು ಅಷ್ಟಾಧ್ಯಾಯಿಯ ತೃತೀಯಾಧ್ಯಾಯದ ದ್ವಿತೀಯ ಪಾದದಲ್ಲಿ ಸಾಧಿಸಿರುವನು. ಎರಡು ದಡಗಳನ್ನೂ ಮುಟ್ಟಿ ಹರಿಯುವ ತುಂಬು ಹೊಳೆಯೇ ಕೂಲಂಕಷೆ; ವಿಷಯದ ಎರಡು ಅಂಚುಗಳನ್ನೂ ಮುಟ್ಟುವ ವಿಚಾರವು ಲಕ್ಷಣೆಯಿಂದ ಕೂಲಂಕಷವಾಯಿತು. ಅದೇ ಪಾದದಲ್ಲಿ, ದಡವನ್ನು ಒಡೆಯುವುದು, ದಡವನ್ನು ಕೊಚ್ಚಿ ಒಯ್ಯುವುದು ಎಂಬ ಅರ್ಥಗಳುಳ್ಳ 'ಕೂಲಮುದ್ರುಜ', 'ಕೂಲಮುದ್ವಹ' ಎಂಬ ಬೇರೆ ಎರಡು ರೂಪಗಳೂ ಸಿದ್ಧಿಸುತ್ತವೆ. ನೀರು ದಡವನ್ನು ಉಜ್ಜಿದರೆ ಹೊಳೆ ಹೊಳೆಯಾಗಿಯೇ ಇರುವುದು, ಒಡೆದರೆ ಪ್ರವಾಹವಾಗುವುದು. ಈ ಎರಡಕ್ಕೂ ನಡುವಣ ಭೇದವು ನೀರಿನ ಬಲವೊಂದರಿಂದಲೇ ಉಂಟಾದುದಲ್ಲ, ದಡದ ಸ್ಥಿತಿಯಿಂದಲೂ ಉಂಟಾದುದು.

ನಗರಗಳು ಬೆಳೆಯುತ್ತಿರುವ ಈ ಕಾಲದಲ್ಲಿ ತೊರೆಯ ದಡಕ್ಕೆ ಒದಗಿರುವ ಆಪತ್ತನ್ನು ತಿಳಿಯುವುದಕ್ಕೆ ಈ ಶಬ್ದವಿಚಾರವು ಒಳ್ಳೆಯ ಪ್ರವೇಶದ್ವಾರವಾಗಿದೆ. ಹೊಸ ಬಡಾವಣೆಗಾಗಿ ನೆಲವನ್ನು ಅಳೆಯುವಾಗ ನೀರು ಹರಿಯುವಷ್ಟು ಅಗಲವನ್ನು ಮಾತ್ರ ತೊರೆಯೆಂದೆಣಿಸಿ, ಅದರ ಎರಡು ಪಕ್ಕದ ಹುಲ್ಲು, ಪೊದೆ, ಮರಗಳ ನೆಲವನ್ನು ಬರಿಯ ತೆರಪೆಂದು ಭಾವಿಸುವುದು ಈಗಿನ ವಾಡಿಕೆ. ಆದರೆ ದಡವು ತೊರೆಯ ಅಂಗವೇ ಹೊರತು ತೊರೆಯ ಪಕ್ಕದಲ್ಲಿರುವ ಬೇರೆ ವಸ್ತುವಲ್ಲ. ಈ ಅರ್ಥವು ಪ್ರಾಚೀನ ಕೋಶ, ಸ್ಮೃತಿ, ಶಾಸನಗಳಿಂದಲೂ ಈಗಿನ ಜಲವಿಜ್ಞಾನದಿಂದಲೂ ಏಕರೀತಿಯಾಗಿ ಸಿದ್ಧವಾಗುವುದೆಂಬುದನ್ನು ಬೆಂಗಳೂರಿನ ರಾಜಕಾಲುವೆಗಳನ್ನು ಉದಾಹರಣೆಯಾಗಿಟ್ಟುಕೊಂಡು ಪ್ರಕೃತ ಲೇಖನದಲ್ಲಿ ನಿರೂಪಿಸಲಾಗುವುದು.

೧. ದಡದ ಹೆಸರುಗಳು

ಅಮರಸಿಂಹನು ವಾರಿವರ್ಗದಲ್ಲಿ ದಡಕ್ಕೆ ಕೂಲ, ರೋಧಸ್, ತೀರ, ಪ್ರತೀರ, ತಟ ಎಂಬ ಐದು ಹೆಸರುಗಳನ್ನು ಹೇಳಿ, ಎರಡು ತೀರಗಳ ನಡುವೆ ಇರುವುದಕ್ಕೆ ಪಾತ್ರವೆಂದು ಹೆಸರಿಟ್ಟಿರುವನು. ಪಾತ್ರವೆಂಬುದು ತೀರಗಳ ಮೂಲಕ ನಿರೂಪಿತವಾಗಿದೆಯೇ ಹೊರತು ತೀರಗಳು ಪಾತ್ರದ ಮೂಲಕ ನಿರೂಪಿತವಾಗಿಲ್ಲ. ಪಾತ್ರೆಗೆ ಅಂಚಿಲ್ಲದಿದ್ದರೆ ಅದು ಹೇಗೆ ಪಾತ್ರೆಯೆನಿಸದೋ ಹಾಗೆಯೇ ದಡವಿಲ್ಲದಿದ್ದರೆ ಹೊಳೆಯ ಪಾತ್ರವೂ ಪಾತ್ರವೆನಿಸದು. ಐದು ಹೆಸರುಗಳಲ್ಲಿ ರೋಧಸ್ ಎಂಬುದು ವಿಶೇಷವಾಗಿ ಗಮನಿಸತಕ್ಕದ್ದು. ಪ್ರವಾಹವನ್ನು ತಡೆದು ನಿಲ್ಲಿಸುವುದರಿಂದ ಇದಕ್ಕೆ ಈ ಹೆಸರು ಬಂದಿತೆಂದು ಯಾಸ್ಕನು ನಿರುಕ್ತದಲ್ಲಿ ನಿರ್ವಚನ ಮಾಡಿರುವನು. ಹೀಗೆ ದಡವೆಂಬುದು ಸುಮ್ಮನೆ ಬಿದ್ದಿರುವ ನೆಲವಲ್ಲ, ಒಂದು ಕಾರ್ಯವನ್ನು ನಡೆಸುತ್ತಿರುವ ನೆಲವೆಂಬ ಭಾವವು ಹೆಸರಿನಲ್ಲಿಯೇ ಅಡಗಿದೆ.

ಅದೇ ಕೋಶದ ಭೂಮಿವರ್ಗದಲ್ಲಿ ಜಲಪ್ರಾಯವಾದ ನೆಲಕ್ಕೆ ಅನೂಪವೆಂದೂ ಅಂಥದಕ್ಕೇ ಕಚ್ಛವೆಂದೂ ಹೆಸರುಗಳಿವೆ. ನೀರೂ ಅಲ್ಲದ, ಒಣನೆಲವೂ ಅಲ್ಲದ ಈ ನಡುವಣ ನೆಲವನ್ನು ಪೂರ್ವಿಕರು ಪ್ರತ್ಯೇಕವಾದ ಒಂದು ಜಾತಿಯೆಂದು ಗುರುತಿಸಿದ್ದರು. ಕನ್ನಡದಲ್ಲಿಯೂ ತಡಿ, ದಂಡೆ, ದಡ, ಹಳಗನ್ನಡದ ಕರೆ ಮೊದಲಾಗಿ ಹಲವು ಮಾತುಗಳಿರುವುವು. ಇಷ್ಟು ಹೆಸರುಗಳುಳ್ಳ ನೆಲವನ್ನು ಹೆಸರಿಲ್ಲದ ತೆರಪೆಂದು ಎಣಿಸುವುದು ಭಾಷೆಗೂ ವಿರುದ್ಧವಾದುದು.

೨. ಧರ್ಮಶಾಸ್ತ್ರವೂ ಶಾಸನಗಳೂ

ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಕೆರೆಯನ್ನು ಒಡೆಯುವವನಿಗೆ ವಧದಂಡವು ವಿಹಿತವಾಗಿದೆ; ಒಡೆದುದನ್ನು ಅವನು ಮತ್ತೆ ಸರಿಪಡಿಸಿಕೊಟ್ಟರೆ ಉತ್ತಮಸಾಹಸವೆಂಬ ದಂಡದಿಂದ ಬಿಡಬಹುದೆಂಬ ವಿಕಲ್ಪವೂ ಅಲ್ಲಿಯೇ ಉಂಟು. ಪ್ರಕೃತಕ್ಕೆ ಹೆಚ್ಚಾಗಿ ಉಪಯುಕ್ತವಾದುದು ಅದರ ಸಮೀಪದ ಇನ್ನೊಂದು ವಿಧಿ. ಮೊದಲೇ ಏರ್ಪಟ್ಟಿರುವ ಕೆರೆಯ ನೀರನ್ನು ಅಪಹರಿಸುವವನೂ, ಕೆರೆಗೆ ನೀರು ಬರುವ ಮಾರ್ಗವನ್ನು ಭೇದಿಸುವವನೂ ಪೂರ್ವಸಾಹಸವನ್ನು, ಎಂದರೆ ೨೫೦ ಪಣಗಳನ್ನು, ತೆರತಕ್ಕವರೆಂದು ಅಲ್ಲಿ ಹೇಳಿದೆ. ನೀರಿನ ಬರವಿಗೆ ಅಲ್ಲಿರುವ ಶಬ್ದ 'ಆಗಮ'. ಕೆರೆಯ ಮೈಯನ್ನು ಮುಟ್ಟದೆ ಅದರ ಆಗಮವನ್ನು ಮಾತ್ರ ಕೆಡಿಸಿದರೂ ಅಪರಾಧವೇ ಆಗುವುದೆಂಬುದು ಈ ವಿಧಿಯ ತಾತ್ಪರ್ಯ. ಕೆರೆಯನ್ನು ಬೇಲಿಯೊಳಗಿಟ್ಟು ಅದಕ್ಕೆ ಬರುವ ತೊರೆಯ ಮೇಲೆ ಮನೆಗಳನ್ನು ಕಟ್ಟುವ ಈಗಿನ ಪದ್ಧತಿಗೆ ಇದಕ್ಕಿಂತ ಸ್ಪಷ್ಟವಾದ ಪ್ರತಿವಚನವಿರಲಾರದು.

ನಾರದನು ಸೇತುವನ್ನು ಎರಡು ಬಗೆಯಾಗಿ ವಿಂಗಡಿಸಿರುವನು. ನೀರು ಹರಿದುಹೋಗಲೆಂದು ಅಗೆದುದು ಖೇಯ. ನೀರು ನಿಲ್ಲಲೆಂದು ಕಟ್ಟಿದುದು ಬಂಧ್ಯ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (೧೦೭೬-೧೧೨೬) ಕಲ್ಯಾಣದಲ್ಲಿದ್ದುಕೊಂಡು ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಯ ಸೀಮಾವಿವಾದಪ್ರಕರಣದಲ್ಲಿ ಈ ವಿಭಾಗವನ್ನು ಉದಾಹರಿಸಿರುವನು. ಕೆರೆಯ ಏರಿಯೂ ಕಾಲುವೆಯೂ ಸೇತುವೆಂಬ ಒಂದೇ ಜಾತಿಗೆ ಸೇರಿದುವೆಂದೂ, ಒಂದಕ್ಕೆ ಸಲ್ಲುವ ರಕ್ಷಣೆಯು ಇನ್ನೊಂದಕ್ಕೂ ಸಲ್ಲುವುದೆಂದೂ ಇದರಿಂದ ವಿದಿತವಾಗುತ್ತದೆ.

ಕನ್ನಡನಾಡಿನ ಪ್ರಾಚೀನ ಶಾಸನಗಳ ಶಾಪವಾಕ್ಯಗಳು ವಿದ್ವಾಂಸರಿಗೆ ಸುಪರಿಚಿತವಾದುವು. ದತ್ತಿಯನ್ನು ಅಳಿದವನು ವಾರಣಾಸಿಯನ್ನೂ ಸಾವಿರ ಕವಿಲೆಗಳನ್ನೂ ಅಳಿದ ಪಾಪಕ್ಕೆ ಹೋಗುವನೆಂಬುದು ಅವುಗಳ ಸಾಮಾನ್ಯಸ್ವರೂಪ. ಅವುಗಳಲ್ಲಿ ಕೆಲವು ಶಾಸನಗಳು ಈ ಸಾಲಿಗೆ ಕೆರೆಯನ್ನೂ ಆರವೆಯನ್ನೂ ಸೇರಿಸಿ ಹೇಳುತ್ತವೆ. ಆರವೆಯೆಂಬುದು ಆರಾಮಶಬ್ದದ ತದ್ಭವ. ತೋಪು, ಉಪವನ ಎಂದು ಅರ್ಥ. ನೀರನ್ನೂ ಮರದ ತೋಪನ್ನೂ ಜೊತೆಯಾಗಿ ಹೇಳಿ, ಎರಡರ ನಾಶವನ್ನೂ ಮಹಾಪಾತಕಗಳೊಡನೆ ಎಣಿಸಿರುವುದು ಆಕಸ್ಮಿಕವೆಂದು ತಳ್ಳಿಬಿಡತಕ್ಕದ್ದಲ್ಲ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ರಾಜಕುಮಾರನಾದ ಭಾಸ್ಕರ ಭವದೂರನು ೧೩೬೯ರಲ್ಲಿ ಹಾಕಿಸಿದ ಶಾಸನವು ಕೆರೆಗೆ ಹನ್ನೆರಡು ಸಾಧನಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ಸಿಹಿನೀರನ್ನು ತರುವ ಹೊಳೆಯು ಆ ಹನ್ನೆರಡರಲ್ಲಿ ಒಂದು. ಬರುವ ನೀರಿಗೂ ಇರುವ ನೆಲಕ್ಕೂ ಪ್ರಮಾಣ ತಪ್ಪುವುದು ಆರು ದೋಷಗಳಲ್ಲಿ ಸೇರಿದುದು. ನೀರು ಹೆಚ್ಚಾಗಿ ನೆಲ ಸಾಲದಿರುವುದೂ ದೋಷವೆಂದು ಅಲ್ಲಿ ಹೇಳಿರುವುದನ್ನು ಈಗಿನ ನಗರಗಳು ಮರೆತಿರುವುವು.

೩. ದಡದ ಮರಗಳು

ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದಾಧ್ಯಾಯವನ್ನು ಆರಂಭಿಸುವಾಗಲೇ, ಅಂಚಿನಲ್ಲಿ ನೆರಳಿಲ್ಲದ ಜಲಾಶಯಗಳು ಮನೋಹರವಾಗಿರಲಾರವಾದ್ದರಿಂದ ನೀರಿನ ಅಂಚುಗಳಲ್ಲಿ ತೋಪುಗಳನ್ನು ಬೆಳೆಸತಕ್ಕದ್ದೆಂದು ವಿಧಿಸಿರುವನು. ಇದು ಸೌಂದರ್ಯದ ಮಾತು ಮಾತ್ರವೆಂದು ತೋರಬಹುದು. ಆದರೆ ಅದಕ್ಕೆ ಮುಂಚಿನ ದಕಾರ್ಗಲಾಧ್ಯಾಯದ ಕೊನೆಯಲ್ಲಿ ಅವನು ಶಿಲ್ಪಿಯಂತೆ ಮಾತನಾಡುತ್ತಾನೆ. ಪೂರ್ವಪಶ್ಚಿಮವಾಗಿ ನೀಳವಾದ ಕೆರೆಯು ನೀರನ್ನು ಬಹುಕಾಲ ಹಿಡಿದಿರುವುದೆಂದೂ, ದಕ್ಷಿಣೋತ್ತರವಾಗಿ ನೀಳವಾದುದರ ಏರಿಯನ್ನು ಗಾಳಿಯಿಂದೆದ್ದ ಅಲೆಗಳು ಒಡೆಯುವುವೆಂದೂ ಹೇಳಿ, ದಡದಲ್ಲಿ ಕಕುಭ, ವಟ, ಆಮ್ರ, ಪ್ಲಕ್ಷ, ಕದಂಬ, ನಿಚುಲ, ಜಂಬು, ವೇತಸ ಮೊದಲಾದುವನ್ನು ಬೆಳೆಸಬೇಕೆಂದೂ, ಹೆಚ್ಚು ನೀರು ಹೊರಕ್ಕೆ ಹೋಗುವ ದಾರಿಯನ್ನು ಕಲ್ಲುಗಳಿಂದ ಭದ್ರಪಡಿಸಬೇಕೆಂದೂ ವಿಧಿಸುತ್ತಾನೆ. ನೀರು ರಭಸದಿಂದ ಧುಮುಕುವ ಕೋಡಿಗೆ ಕಲ್ಲು, ದಡಕ್ಕೆ ಮರ ಎಂಬ ಈ ವಿಧಿಯು ಇಂದಿಗೂ ಗ್ರಾಹ್ಯವಾದುದು. ಕನ್ನಡದಲ್ಲಿ ಕ್ರಿ. ಶ. ೧೦೨೫ರ ಸುಮಾರಿಗೆ ರಚಿತವಾದ ಚಾವುಂಡರಾಯನ ಲೋಕೋಪಕಾರದಲ್ಲಿಯೂ ಉದಕಾರ್ಗಳ, ವೃಕ್ಷಾಯುರ್ವೇದಗಳೆರಡೂ ಸೇರಿವೆ. ನೀರು ಮತ್ತು ಮರ ಇವುಗಳ ಶಾಸ್ತ್ರಗಳು ಒಂದೇ ಗ್ರಂಥದಲ್ಲಿ ಕೂಡಿ ನಡೆಯುವುದು ಈ ನಾಡಿನ ವಿದ್ಯಾಪರಂಪರೆಗೂ ಒಪ್ಪಿತವಾಗಿದ್ದಿತು.

ಮೇಲಣ ಪಟ್ಟಿಯಲ್ಲಿನ ವೇತಸವು ಸಾಹಿತ್ಯಾಭ್ಯಾಸಿಗಳಿಗೆ ಬೇರೊಂದು ಕಾರಣದಿಂದ ಪರಿಚಿತ. ಮಹಾಭಾರತದ ಶಾಂತಿಪರ್ವದಲ್ಲಿ ಸಮುದ್ರನು ನದಿಗಳನ್ನು ಕುರಿತು, ಬೇರುಸಹಿತವಾಗಿ ಕಿತ್ತ ಹೆಮ್ಮರಗಳನ್ನು ನೀವು ತರುವಿರಿ, ದಡದಲ್ಲಿಯೇ ಬೆಳೆಯುವ ವೇತಸವನ್ನು ಮಾತ್ರ ಏಕೆ ತರುವುದಿಲ್ಲವೆಂದು ಪ್ರಶ್ನಿಸುತ್ತಾನೆ. ಅದು ಪ್ರವಾಹ ಬಂದಾಗ ಬಾಗಿ, ಹೋದ ಮೇಲೆ ಮತ್ತೆ ನಿಲ್ಲುವುದರಿಂದ ಸ್ಥಾನಭ್ರಷ್ಟವಾಗುವುದಿಲ್ಲವೆಂದು ಗಂಗೆಯು ಉತ್ತರ ಕೊಡುತ್ತಾಳೆ. ಕಾಳಿದಾಸನು ರಘುವಂಶದ ನಾಲ್ಕನೆಯ ಸರ್ಗದಲ್ಲಿ ಸುಹ್ಮದೇಶದವರು ಇದೇ ವೈತಸೀ ವೃತ್ತಿಯಿಂದ ರಘುವಿನ ಮುಂದೆ ಉಳಿದರೆಂದು ವರ್ಣಿಸಿರುವನು. ನೀತಿಯನ್ನು ಹೇಳಲು ಬಂದ ಈ ದೃಷ್ಟಾಂತದಲ್ಲಿ ಪ್ರಕೃತಿಯ ನಿಕಟವಾದ ಪರೀಕ್ಷೆಯೂ ಇದೆ. ಬಾಗುವ ಕಾಂಡವೂ ಹೆಣೆದುಕೊಂಡ ಬೇರೂ ಉಳ್ಳ ಜೊಂಡು, ಲಾವಂಚ, ಕೇದಗೆಗಳು ನೀರಿನ ಅಂಚನ್ನು ಹಿಡಿದಿಡುತ್ತವೆ. ಅವುಗಳ ಹಿಂದೆ ಹೊಳೆಮತ್ತಿ, ನೇರಳೆ, ಹೊಂಗೆ, ಅತ್ತಿಗಳು ದಡದ ಒಡಲನ್ನು ಹಿಡಿದಿಡುತ್ತವೆ. ಮುಂದಿನ ಸಾಲು ಬಾಗಿ ರಕ್ಷಿಸುವುದು, ಹಿಂದಿನ ಸಾಲು ನಿಂತು ರಕ್ಷಿಸುವುದು.

೪. ಬೆಂಗಳೂರಿನ ರಾಜಕಾಲುವೆಗಳು

ಈ ಪರಂಪರೆಯು ಈಗ ಯಾವ ಸ್ಥಿತಿಯಲ್ಲಿದೆಯೆಂಬುದನ್ನು ತಿಳಿಯುವುದಕ್ಕೆ ಬೆಂಗಳೂರಿಗಿಂತ ಉಚಿತವಾದ ಸ್ಥಳವಿಲ್ಲ. ಸಮುದ್ರಮಟ್ಟಕ್ಕೆ ಸುಮಾರು ೯೦೦ ಮೀಟರು ಎತ್ತರದಲ್ಲಿ, ನೆಲದ ನಡುಬೆನ್ನಿನ ಮೇಲೆ ನಿಂತಿರುವ ಈ ನಗರಕ್ಕೆ ದೊಡ್ಡ ಹೊಳೆಯಾವುದೂ ಇಲ್ಲ. ಇಲ್ಲಿ ಬಿದ್ದ ಮಳೆಯು ಮುಖ್ಯವಾಗಿ ಮೂರು ಕಣಿವೆಗಳಲ್ಲಿ ಇಳಿಯುತ್ತದೆ. ವೃಷಭಾವತಿಯ ಕಣಿವೆಯ ನೀರು ಅರ್ಕಾವತಿಯ ಮೂಲಕ ಕಾವೇರಿಯನ್ನೂ, ಹೆಬ್ಬಾಳದ ಕಣಿವೆ ಮತ್ತು ಕೋರಮಂಗಲ-ಚಲ್ಲಘಟ್ಟದ ಕಣಿವೆ ಇವುಗಳ ನೀರು ದಕ್ಷಿಣ ಪಿನಾಕಿನಿಯನ್ನೂ ಸೇರುತ್ತವೆ. ಪೂರ್ವಿಕರು ಈ ಇಳಿಜಾರುಗಳಲ್ಲಿ ಒಂದರ ಕೆಳಗೊಂದಾಗಿ ಕೆರೆಗಳನ್ನು ಕಟ್ಟಿ, ಮೇಲಿನ ಕೆರೆಯ ಕೋಡಿನೀರು ಕೆಳಗಿನ ಕೆರೆಗೆ ಹೋಗುವಂತೆ ಹಳ್ಳಗಳನ್ನು ಕಾಪಾಡಿಕೊಂಡು ಬಂದರು. ಆ ಸರಣಿಯ ಹಿರಿಯ ಹಳ್ಳಗಳೇ ಈಗಿನ ರಾಜಕಾಲುವೆಗಳು. ಇವು ಮನೆಗಳ ಕೊಳೆಯನ್ನು ಸಾಗಿಸಲು ಅಗೆದ ಚರಂಡಿಗಳಲ್ಲ. ಮನುವು ಹೇಳಿದ ಆಗಮಗಳು.

ಕಂದಾಯದ ದಾಖಲೆಗಳಲ್ಲಿ ಈ ಹಳ್ಳಗಳಿಗೆ ಇರುವ ಹೆಸರು ವಿಚಾರಾರ್ಹವಾದುದು. ಸಾಗುವಳಿಗೆ ಬಾರದ, ಕಂದಾಯವಿಲ್ಲದ ನೆಲಕ್ಕೆ ದಾಖಲೆಗಳಲ್ಲಿ ಖರಾಬು ಎಂದು ಹೆಸರು. ಕರ್ಣಾಟಕದ ೧೯೬೬ರ ಭೂಕಂದಾಯ ನಿಯಮಗಳು ಇದನ್ನು ಎರಡಾಗಿ ವಿಂಗಡಿಸಿ, ಕೃಷಿಗೆ ಅಯೋಗ್ಯವಾದುದನ್ನು 'ಎ' ಖರಾಬೆಂದೂ, ರಸ್ತೆ, ಹಳ್ಳ, ಕೆರೆ ಮೊದಲಾಗಿ ಸಾರ್ವಜನಿಕ ಉಪಯೋಗಕ್ಕೆ ಮೀಸಲಾದುದನ್ನು 'ಬಿ' ಖರಾಬೆಂದೂ ಕರೆದಿವೆ. ಖರಾಬೆಂಬುದು ಅರಬ್ಬೀ ಮೂಲದ ಶಬ್ದ. ಹಾಳಾದುದು, ಕೆಟ್ಟುದು ಎಂದು ಅರ್ಥ. ನಿಯಮದ ಅಭಿಪ್ರಾಯವು ರಕ್ಷಣೆಯೇ ಆಗಿದ್ದರೂ ಶಬ್ದದ ಸಂಸ್ಕಾರವು ಬೇರೆಯಾಯಿತು. ಪ್ರವಾಹವನ್ನು ತಡೆಯುವುದೆಂದು ಒಮ್ಮೆ ರೋಧಸ್ಸೆನಿಸಿಕೊಂಡಿದ್ದ ನೆಲವು ಯಾವಾಗ ಖರಾಬೆನಿಸಿತೋ ಆಗ ಅದನ್ನು ತುಂಬಿ 'ಸರಿಪಡಿಸುವುದು' ಸಹಜವಾದ ಕೆಲಸವಾಗಿ ಜನರಿಗೆ ತೋರಿತು.

ಪರಿಣಾಮವು ಕಣ್ಣಿಗೆ ಕಾಣುವಂತಿದೆ. ೧೯೭೩ರಿಂದ ೨೦೧೬ರ ವರೆಗಿನ ಅವಧಿಯಲ್ಲಿ ಬೆಂಗಳೂರಿನ ಜಲಾಶಯಗಳ ಪ್ರದೇಶವು ನೂರಕ್ಕೆ ೭೯ರಷ್ಟೂ ಸಸ್ಯಾವರಣವು ನೂರಕ್ಕೆ ೮೮ರಷ್ಟೂ ಕುಗ್ಗಿದುವೆಂದು ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಉಪಗ್ರಹಚಿತ್ರಗಳ ಸಹಾಯದಿಂದ ನಿರ್ಣಯಿಸಿರುವರು. ೨೦೧೬ರ ಆಗಸ್ಟಿನಲ್ಲಿ ರಾಜಕಾಲುವೆಗಳ ಮೇಲೆ ಕಟ್ಟಿದ್ದ ಮನೆಗಳನ್ನು ಕೆಡಹಲಾಯಿತು. ಹಳ್ಳವನ್ನು ತುಂಬಿ ನಿವೇಶನಗಳಾಗಿ ಮಾರಿದವರು ಬೇರೆ, ಜೀವಮಾನದ ಉಳಿತಾಯವನ್ನು ಸುರಿದು ಅವುಗಳನ್ನು ಕೊಂಡವರು ಬೇರೆ. ಮನೆ ಕಳೆದುಕೊಂಡವರು ಎರಡನೆಯವರು. ೨೦೨೨ರ ಸೆಪ್ಟೆಂಬರಿನ ಮೊದಲ ವಾರದ ಮಳೆಯಲ್ಲಿ ನಗರದ ಪೂರ್ವಭಾಗದ ಶ್ರೀಮಂತ ಬಡಾವಣೆಗಳೂ ಜಲಾವೃತವಾಗಿ, ನಿವಾಸಿಗಳನ್ನು ದೋಣಿಗಳಲ್ಲಿಯೂ ಟ್ರಾಕ್ಟರುಗಳಲ್ಲಿಯೂ ಹೊರಕ್ಕೆ ತರಬೇಕಾಯಿತು. ಬಡವನಿಗೂ ಧನಿಕನಿಗೂ ನೀರು ಭೇದವೆಣಿಸಲಿಲ್ಲ.

೫. ಅಳತೆಯ ಪ್ರಶ್ನೆ

ತೊರೆಯ ಎರಡು ಪಕ್ಕದಲ್ಲಿ ಕಟ್ಟಡವಿಲ್ಲದೆ ಬಿಡತಕ್ಕ ನೆಲಕ್ಕೆ ಈಗಿನ ವ್ಯವಹಾರದಲ್ಲಿ ಬಫರ್ ವಲಯವೆಂದು ಹೆಸರು. ಇಲ್ಲಿ ಅದನ್ನು ತೀರಭೂಮಿಯೆಂದು ಕರೆಯಬಹುದು. ೨೦೦೭ರಲ್ಲಿ ಅಂಗೀಕೃತವಾದ, ೨೦೧೫ನ್ನು ಗುರಿಯಾಗಿಟ್ಟುಕೊಂಡಿದ್ದ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆಯು ಕೆರೆಗಳಿಗೆ ೩೦ ಮೀಟರುಗಳನ್ನೂ, ಪ್ರಥಮ, ದ್ವಿತೀಯ, ತೃತೀಯ ವರ್ಗಗಳ ಕಾಲುವೆಗಳಿಗೆ ಕ್ರಮವಾಗಿ ೫೦, ೨೫, ೧೫ ಮೀಟರುಗಳನ್ನೂ ಗೊತ್ತುಮಾಡಿದ್ದಿತು. ಕಾಲುವೆಗಳ ಈ ಅಳತೆಯನ್ನು ಕಾಲುವೆಯ ಮಧ್ಯರೇಖೆಯಿಂದ ತೆಗೆದುಕೊಳ್ಳತಕ್ಕದ್ದೆಂದು ಅಲ್ಲಿ ವಿಧಿಯಿದ್ದಿತು. ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವೆ ಏಳುತ್ತಿದ್ದ ಕಟ್ಟಡಗಳನ್ನು ಕುರಿತ ವ್ಯಾಜ್ಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ೨೦೧೬ರ ಮೇ ೪ರಂದು ಕೆರೆಗಳಿಗೆ ೭೫ ಮೀಟರೆಂದೂ, ಕಾಲುವೆಗಳಿಗೆ ೫೦, ೩೫, ೨೫ ಮೀಟರುಗಳೆಂದೂ, ಅದನ್ನು ಅಂಚಿನಿಂದ ಅಳೆಯತಕ್ಕದ್ದೆಂದೂ ಆಜ್ಞಾಪಿಸಿತು. ಶಾಸನಬದ್ಧವಾದ ಯೋಜನೆಯನ್ನು ಮಾರ್ಪಡಿಸುವ ಅಧಿಕಾರವು ನ್ಯಾಯಮಂಡಳಿಗೆ ಇಲ್ಲವೆಂಬ ಕಾರಣದಿಂದ ಸರ್ವೋಚ್ಚ ನ್ಯಾಯಾಲಯವು ೨೦೧೯ರ ಮಾರ್ಚ್ ೫ರಂದು ಈ ಸಾಮಾನ್ಯವಿಧಿಯನ್ನು ರದ್ದುಮಾಡಿತು. ತೀರ್ಪು ನಿಂತುದು ಅಧಿಕಾರದ ಪ್ರಶ್ನೆಯ ಮೇಲೆ. ಎಷ್ಟು ಅಗಲವು ಜಲವಿಜ್ಞಾನಕ್ಕೆ ಸಮ್ಮತವೆಂಬ ಪ್ರಶ್ನೆಯು ಅದರಿಂದ ತೀರ್ಮಾನವಾಗಲಿಲ್ಲ.

ಈ ವಾದದಲ್ಲಿ ಅಂಕಿಗಳಿಗಿಂತಲೂ 'ಎಲ್ಲಿಂದ' ಎಂಬ ಅವಧಿಯೇ ಮುಖ್ಯವಾದುದು. ಪಂಚಮೀವಿಭಕ್ತಿಯ ಅರ್ಥ ಬದಲಾದರೆ ನೆಲವೇ ಬದಲಾಗುವುದು. ೩೦ ಮೀಟರು ಅಗಲವುಳ್ಳ ಕಾಲುವೆಗೆ ಮಧ್ಯರೇಖೆಯಿಂದ ೫೦ ಮೀಟರೆಂದರೆ ದಡದಲ್ಲಿ ಉಳಿಯುವುದು ೩೫ ಮೀಟರು. ಅಂಚಿನಿಂದ ೫೦ ಎಂದರೆ ಉಳಿಯುವುದು ಪೂರ್ತಿ ೫೦. ಕಾಲುವೆಯು ದೊಡ್ಡದಾದಷ್ಟೂ, ಎಂದರೆ ದಡದ ಅಗತ್ಯವು ಹೆಚ್ಚಿದಷ್ಟೂ, ಮಧ್ಯರೇಖೆಯ ಅಳತೆಯಲ್ಲಿ ದಡವು ಕಿರಿದಾಗುತ್ತ ಹೋಗುವುದು. ಹಾಗೆಂದು ಅಂಚಿನ ಅಳತೆಯೂ ನಿರ್ದುಷ್ಟವಲ್ಲ. ಮಣ್ಣು ತುಂಬಿ ಕಾಲುವೆಯನ್ನು ಇಕ್ಕಟ್ಟುಮಾಡಿದವನಿಗೆ ಅಂಚೂ ಹಿಂದಕ್ಕೆ ಸರಿದು ಲಾಭವೇ ಆಗುವುದು. ಒಂದೇ ಪಕ್ಕದಿಂದ ಒತ್ತಿದರೆ ಮಧ್ಯರೇಖೆಯೂ ಎದುರು ದಡದ ಕಡೆಗೆ ಸರಿಯುವುದು. ಆದಕಾರಣ ಇಂದು ಕಾಣುವ ನೀರನ್ನು ಬಿಟ್ಟು, ಹಳೆಯ ಮೋಜಣಿಯ ಗ್ರಾಮನಕ್ಷೆಯಲ್ಲಿ ಗುರುತಾಗಿರುವ ಹಳ್ಳದ ಅಂಚನ್ನೇ ಅವಧಿಯಾಗಿ ಹಿಡಿಯುವುದು ನ್ಯಾಯ್ಯವಾದ ಮಾರ್ಗ. ಆ ರೇಖೆಯನ್ನು ಯಾರ ಸನಿಕೆಯೂ ಸರಿಸಲಾರದು.

೬. ನಿರ್ಮಾಣಕಾಲದ ಅಪಾಯವೂ ರಕ್ಷಣೆಯ ಕ್ರಮವೂ

ಮನೆಗಳು ಎದ್ದ ಮೇಲೆ ತೊರೆಗೆ ಹಾನಿಯೆಂದು ಜನರು ಸಾಮಾನ್ಯವಾಗಿ ಭಾವಿಸುವುದುಂಟು. ವಾಸ್ತವದಲ್ಲಿ ಮನೆಗಳು ಏಳುವುದಕ್ಕೆ ಮುಂಚೆ, ನೆಲವನ್ನು ಬಗೆದು ಬೋಳುಮಾಡಿದ ತಿಂಗಳುಗಳಲ್ಲಿಯೇ ಒಂದು ಬಗೆಯ ಹಾನಿಯು ಪರಾಕಾಷ್ಠೆಯನ್ನು ಮುಟ್ಟುವುದು. ಅಮೆರಿಕದ ಮೇರಿಲ್ಯಾಂಡ್ ಪ್ರಾಂತದ ಹೊಳೆಗಳನ್ನು ಪರೀಕ್ಷಿಸಿದ ವೋಲ್ಮನ್ ಎಂಬ ವಿದ್ವಾಂಸನು ೧೯೬೭ರಲ್ಲಿ ಇದನ್ನು ಒಂದು ಚಕ್ರವಾಗಿ ನಿರೂಪಿಸಿದನು. ಕಾಡಿದ್ದಾಗ ಹೊಳೆಗೆ ಬರುವ ಮಣ್ಣು ಅತ್ಯಲ್ಪ, ಬೇಸಾಯ ಬಂದಾಗ ಹೆಚ್ಚು, ನಿರ್ಮಾಣಕಾಲದಲ್ಲಿ ಅತ್ಯಧಿಕ, ನಗರವು ನೆಲೆಗೊಂಡ ಮೇಲೆ ಮಣ್ಣು ಕಡಮೆಯಾಗಿ, ರಭಸದ ನೀರು ಹೊಳೆಯ ದಡವನ್ನೇ ಕೊರೆಯಲಾರಂಭಿಸುವುದು. ನಿರ್ಮಾಣಸ್ಥಳದಿಂದ ಕೊಚ್ಚಿಹೋಗುವ ಮಣ್ಣು ಬೇಸಾಯದ ನೆಲದ ಹತ್ತರಿಂದ ಇಪ್ಪತ್ತರಷ್ಟೂ, ಕಾಡಿನ ನೆಲದ ಸಾವಿರದಿಂದ ಎರಡು ಸಾವಿರದಷ್ಟೂ ಇರುವುದೆಂಬುದು ಆ ದೇಶದ ಪರಿಸರ ಸಂರಕ್ಷಣಾ ಸಂಸ್ಥೆಯ ಲೆಕ್ಕ. ಈ ಮಣ್ಣೆಲ್ಲ ಕಾಲುವೆಯ ತಳದಲ್ಲಿಯೂ ಕೆಳಗಿನ ಕೆರೆಯಲ್ಲಿಯೂ ಹೂಳಾಗಿ ಕೂರುವುದು. ಹೂಳು ತುಂಬಿದ ಪಾತ್ರದಲ್ಲಿ ಸಾಧಾರಣವಾದ ಮಳೆಯೂ ಪ್ರವಾಹವಾಗುವುದು.

ನೀರಿನ ಲೆಕ್ಕವೂ ಸರಳವಾದುದೇ. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದು ಸುಮಾರು ೧,೦೨,೮೦೦ ಲೀಟರುಗಳಾಗುವುದು. ಹುಲ್ಲು, ಪೊದೆಗಳುಳ್ಳ ಸಡಿಲವಾದ ನೆಲವು ಇದರ ಬಹುಭಾಗವನ್ನು ಕುಡಿದು ಕೊಳ್ಳುವುದು. ಕಾಂಕ್ರೀಟು ಮುಚ್ಚಿದ ನೆಲವೂ ಯಂತ್ರಗಳ ಚಕ್ರಕ್ಕೆ ಸಿಕ್ಕಿ ಗಟ್ಟಿಯಾದ ನೆಲವೂ ಬಹುಮಟ್ಟಿಗೆ ಎಲ್ಲವನ್ನೂ ಒಮ್ಮೆಗೇ ಹೊರಕ್ಕೆ ಬಿಡುವುವು. ತೀರಭೂಮಿಯು ಈ ನೀರಿನ ವೇಗವನ್ನು ತಗ್ಗಿಸಿ, ಮಣ್ಣನ್ನು ಸೋಸಿ, ಒಂದಂಶವನ್ನು ಒಳಕ್ಕೆ ಇಳಿಸಿ, ಉಳಿದುದನ್ನು ನಿಧಾನವಾಗಿ ತೊರೆಗೆ ಕೊಡುತ್ತದೆ. ರೋಧಸ್ಸಿನ ವ್ಯಾಪಾರವು ಎರಡು ಕಡೆಗೂ ನಡೆಯುವುದು: ತೊರೆಯ ನೀರು ನೆಲಕ್ಕೆ ಏರದಂತೆಯೂ ನೆಲದ ನೀರು ತೊರೆಗೆ ನುಗ್ಗದಂತೆಯೂ ಅದು ತಡೆಯುತ್ತದೆ.

ಹೀಗಿರಲು ನಿರ್ಮಾಣಕಾಲದಲ್ಲಿ ಅನುಸರಿಸತಕ್ಕ ಕ್ರಮವು ಇಂತಿರುವುದು. ಮೊದಲನೆಯದಾಗಿ, ಯಂತ್ರವು ಸ್ಥಳಕ್ಕೆ ಬರುವ ಮೊದಲೇ ತೀರಭೂಮಿಯ ಎಲ್ಲೆಯನ್ನು ಗ್ರಾಮನಕ್ಷೆಯಂತೆ ಅಳೆದು ಗೂಟ, ಹಗ್ಗಗಳಿಂದ ಕಾಣುವಂತೆ ಗುರುತಿಸಬೇಕು. ಕಾಗದದ ಮೇಲಿನ ಗೆರೆಯು ಯಂತ್ರ ನಡೆಸುವವನ ಕಣ್ಣಿಗೆ ಕಾಣುವುದಿಲ್ಲ. ಎಲ್ಲೆಯೊಳಗೆ ಬಂಡಿಗಳನ್ನು ನಿಲ್ಲಿಸುವುದೂ, ಮಣ್ಣು, ಮರಳು, ಇಟ್ಟಿಗೆಗಳನ್ನು ರಾಶಿ ಹಾಕುವುದೂ ನಿಷಿದ್ಧವಾಗಿರಬೇಕು. ಮರವನ್ನು ಕಡಿಯದಿದ್ದರೂ ಬೇರಿನ ಮೇಲಣ ನೆಲವು ಗಟ್ಟಿಯಾದರೆ ಮರವು ಕೆಲವು ವರ್ಷಗಳಲ್ಲಿ ಒಣಗಿಹೋಗಬಹುದು.

ಎರಡನೆಯದಾಗಿ, ಇಡಿಯ ಬಡಾವಣೆಯನ್ನು ಒಮ್ಮೆಗೇ ಬೋಳುಮಾಡದೆ, ಕೆಲಸ ನಡೆಯುವಷ್ಟು ಭಾಗವನ್ನು ಮಾತ್ರ ತೆರೆಯಬೇಕು. ಬೆಂಗಳೂರಿನ ಸೀಮೆಯಲ್ಲಿ ಮಳೆಯು ಸೆಪ್ಟೆಂಬರ್, ಅಕ್ಟೋಬರುಗಳಲ್ಲಿ ಪ್ರಬಲವಾಗಿರುವುದರಿಂದ ದೊಡ್ಡ ಅಗೆತದ ಕೆಲಸಗಳನ್ನು ಡಿಸೆಂಬರಿನಿಂದ ಮಾರ್ಚಿಯೊಳಗೆ ಮುಗಿಸುವುದು ಯುಕ್ತ. ಅಗೆದ ಮಣ್ಣನ್ನು ತೊರೆಯಿಂದ ದೂರ ರಾಶಿಹಾಕಿ ಹೊದಿಸಬೇಕು. ಇಳಿಜಾರಿನ ಕೆಳಗಡೆ ಹೂಳನ್ನು ತಡೆಯುವ ಬಟ್ಟೆಯ ಬೇಲಿಯೂ ಮಣ್ಣು ತಂಗುವ ಗುಂಡಿಯೂ ಇರಬೇಕು. ಕೆಲಸ ನಿಂತ ಭಾಗಕ್ಕೆ ತಡಮಾಡದೆ ಹುಲ್ಲು ಹಾಸಬೇಕು. ಅಮೆರಿಕದ ನಿರ್ಮಾಣಪರವಾನಿಗೆಯಲ್ಲಿ ೫೦ ಅಡಿಗಳ ಸಹಜವಾದ ತೀರಭೂಮಿಯನ್ನು ಮುಟ್ಟದೆ ಬಿಡಬೇಕೆಂದೂ, ಇಲ್ಲವೆ ಅಷ್ಟೇ ಮಣ್ಣನ್ನು ತಡೆಯುವ ಬೇರೆ ಉಪಾಯವನ್ನು ತೋರಿಸಬೇಕೆಂದೂ ಕಟ್ಟಳೆಯಿರುವುದು. ಸುಣ್ಣ, ಸಿಮೆಂಟುಗಳ ತೊಳೆನೀರನ್ನು ತೊರೆಗೆ ಬಿಡಲೇಬಾರದು. ಅದರ ಕ್ಷಾರವು ಜಲಚರಗಳಿಗೆ ಮಾರಕವಾದುದು.

ಮೂರನೆಯದು ಬಹುಮಟ್ಟಿಗೆ ಉಪೇಕ್ಷಿತವಾಗಿರುವುದು. ತೀರಭೂಮಿಯನ್ನು ನಿಯಮದಂತೆ ಬಿಟ್ಟು, ಬಡಾವಣೆಯ ಮಳೆನೀರನ್ನೆಲ್ಲ ಕೊಳವೆಯೊಂದರ ಮೂಲಕ ಅದರ ಅಡಿಯಲ್ಲಿ ಹಾಯಿಸಿ ನೇರವಾಗಿ ತೊರೆಗೆ ಬಿಟ್ಟರೆ ಆ ಭೂಮಿಯಿಂದ ಪ್ರಯೋಜನವೇನು? ನೀರು ಮುಟ್ಟದ ಜರಡಿಯು ಏನನ್ನೂ ಸೋ‌ಸಲಾರದು. ಕೊಳವೆಯ ಬಾಯನ್ನು ತೀರಭೂಮಿಯ ಹೊರ ಅಂಚಿನಲ್ಲಿಯೇ ನಿಲ್ಲಿಸಿ, ನೀರನ್ನು ಅಗಲವಾಗಿ ಹರಡಿ ಹುಲ್ಲಿನ ಮೂಲಕ ಸಾಗುವಂತೆ ಮಾಡಬೇಕು. ಹೊರ ಅಂಚಿನಲ್ಲಿ ಹುಲ್ಲು, ನಡುವೆ ಪೊದೆಗಳೂ ಮರಗಳೂ, ನೀರಿನ ಬಳಿ ಜೊಂಡು, ಲಾವಂಚಗಳು ಎಂಬ ಮೂರು ಸಾಲುಗಳು ಇದಕ್ಕೆ ಅನುಕೂಲ.

೭. ಆಕ್ಷೇಪಗಳೂ ಸಮಾಧಾನಗಳೂ

ಇಲ್ಲಿ ಮೂರು ಪೂರ್ವಪಕ್ಷಗಳು ಏಳುವುವು. ಗಿಡಗಂಟಿಗಳ ದಡಕ್ಕಿಂತ ಕಾಂಕ್ರೀಟಿನ ಗೋಡೆಯು ದೃಢವಾದುದಲ್ಲವೆ ಎಂಬುದು ಮೊದಲನೆಯದು. ಗೋಡೆಯು ತಾನಿರುವ ಸ್ಥಳದಲ್ಲಿ ದಡವನ್ನು ಉಳಿಸುವುದು ನಿಜ. ಆದರೆ ಅದು ನೀರನ್ನು ಸೋಸದು, ಕುಡಿಯದು, ನಿಧಾನಗೊಳಿಸದು. ನಯವಾದ ಗೋಡೆಗಳ ನಡುವೆ ವೇಗವು ಹೆಚ್ಚಿದ ನೀರು ಗೋಡೆ ಮುಗಿದ ಕಡೆ ಎರಡು ಪಟ್ಟು ಹಾವಳಿ ಮಾಡುವುದು. ಮೇಲಿನ ಬಡಾವಣೆಯ ಸಂಕಟವು ಕೆಳಗಿನ ಬಡಾವಣೆಗೆ ವರ್ಗವಾಗುವುದೇ ಹೊರತು ಪರಿಹಾರವಾಗುವುದಿಲ್ಲ. ವರಾಹಮಿಹಿರನು ದಡದಲ್ಲಿ ಮರಗಳನ್ನು ಬೆಳೆಸಬೇಕೆಂದು ವಿಧಿಸಿದುದು ಈ ಕಾರಣದಿಂದ ಸಾರ್ಥಕವಾಗಿದೆ.

ಪೊದೆಗಳಿಂದ ಹಾವು, ಸೊಳ್ಳೆ, ಕಸದ ಬಾಧೆಯೆಂಬುದು ಎರಡನೆಯದು. ಸೊಳ್ಳೆಯು ಹುಟ್ಟುವುದು ನಿಂತ ನೀರಿನಲ್ಲಿ, ವಿಶೇಷವಾಗಿ ಕೊಳಚೆಯು ಸೇರಿ ಮೀನುಗಳು ಸತ್ತ ನೀರಿನಲ್ಲಿ. ಕಸವು ಬರುವುದು ಮನುಷ್ಯರ ಕೈಯಿಂದ. ತೀರಭೂಮಿಯು ಈ ಎರಡಕ್ಕೂ ಮದ್ದಲ್ಲವೆಂಬುದನ್ನು ಒಪ್ಪಲೇಬೇಕು. ಮನೆಗಳ ಕೊಳಚೆಯನ್ನು ತೊರೆಗೆ ಬಿಡುತ್ತಿರುವವರೆಗೆ ಎಂಥ ದಡವೂ ತೊರೆಯನ್ನು ಉಳಿಸಲಾರದು. ಆದರೆ ಒಂದು ಔಷಧವು ಎಲ್ಲ ರೋಗಗಳನ್ನೂ ಗುಣಪಡಿಸದೆಂದು ಅದನ್ನು ತ್ಯಜಿಸುವುದು ವಿವೇಕವಲ್ಲ.

ಮೂರನೆಯದೇ ಪ್ರಬಲವಾದುದು. ತನ್ನ ಸ್ವಂತ ನೆಲದಲ್ಲಿ ಮನೆ ಕಟ್ಟಬಾರದೆಂದರೆ ಅಲ್ಪಭೂಮಿಯುಳ್ಳವನಿಗೆ ಅನ್ಯಾಯವಾಗುವುದಿಲ್ಲವೆ? ಇದಕ್ಕೆ ಯಾಜ್ಞವಲ್ಕ್ಯನ ವಿಧಿಯೊಂದು ದಾರಿ ತೋರಿಸುತ್ತದೆ. ಅಲ್ಪವಾದ ಬಾಧೆಯನ್ನೂ ಬಹಳವಾದ ಉಪಕಾರವನ್ನೂ ಮಾಡುವ ಸೇತುವನ್ನು ನೆಲದ ಒಡೆಯನು ತಡೆಯಬಾರದೆಂದು ಅವನು ಹೇಳುತ್ತಾನೆ. ಆದರೆ ಅಲ್ಲಿಗೇ ನಿಲ್ಲದೆ, ಒಡೆಯನಿಗೆ ತಿಳಿಸದೆ ಅವನ ನೆಲದಲ್ಲಿ ಸೇತುವನ್ನು ಕಟ್ಟಿದವನಿಗೆ ಅದರ ಫಲವು ಸಲ್ಲದೆ ಒಡೆಯನಿಗೇ ಸಲ್ಲುವುದೆಂದು ಮುಂದಿನ ಶ್ಲೋಕದಲ್ಲಿ ವಿಧಿಸುತ್ತಾನೆ. ಎರಡನ್ನೂ ಕೂಡಿಸಿ ನೋಡಿದರೆ ಸಿದ್ಧಾಂತವು ಸ್ಪಷ್ಟವಾಗುವುದು. ಲೋಕೋಪಕಾರಕ್ಕಾಗಿ ಒಬ್ಬನು ಅಲ್ಪವಾದ ಬಾಧೆಯನ್ನು ಸಹಿಸಬೇಕಾದುದು ಧರ್ಮ. ಅದನ್ನು ಅವನಿಗೆ ಮುಂಚಿತವಾಗಿ ತಿಳಿಸಬೇಕಾದುದೂ ಅಷ್ಟೇ ಧರ್ಮ. ಹಳ್ಳದ ಎಲ್ಲೆಯನ್ನು ನೆಲದ ಮೇಲೆ ಕಲ್ಲು ನೆಟ್ಟು ತೋರಿಸದೆ, ನಿವೇಶನದ ಮಾರಾಟಪತ್ರಕ್ಕೆ ಗ್ರಾಮನಕ್ಷೆಯನ್ನು ಸೇರಿಸದೆ, ಪರವಾನಿಗೆ ಕೊಟ್ಟು ತೆರಿಗೆಯನ್ನೂ ಎತ್ತಿ, ಹಲವು ವರ್ಷಗಳಾದ ಮೇಲೆ ಮನೆಯನ್ನು ಕೆಡಹುವುದು ಎರಡನೆಯ ಧರ್ಮಕ್ಕೆ ಲೋಪ. ಹಳ್ಳವನ್ನು ತುಂಬಿ ಮಾರುವುದು ಮೊದಲನೆಯ ಧರ್ಮಕ್ಕೆ ಲೋಪ. ಮನುವು ಹೇಳಿದ ಪುನಸ್ಸಂಸ್ಕಾರದ ವಿಕಲ್ಪವು ತುಂಬಿದವನಿಗೆ ಸಲ್ಲಬೇಕಾದುದೇ ಹೊರತು ತಿಳಿಯದೆ ಕೊಂಡವನಿಗಲ್ಲ.

೮. ಉಪಸಂಹಾರ

ಮೇಲಣ ವಿಚಾರದಿಂದ ಸಿದ್ಧವಾದ ಅಂಶಗಳು ಇವು. ತೀರವು ಪಾತ್ರದ ಅಂಗವೆಂಬುದು ಕೋಶಸಮ್ಮತವಾದುದು. ನೀರಿನ ಆಗಮದ ರಕ್ಷಣೆಯು ಸ್ಮೃತಿಸಮ್ಮತವಾದುದು. ನೀರೂ ತೋಪೂ ಒಂದೇ ಶಾಪವಾಕ್ಯದಲ್ಲಿ ಸೇರಿರುವುದು ಶಾಸನಸಿದ್ಧವಾದುದು. ದಡದ ಸಸ್ಯಗಳು ಮಣ್ಣನ್ನೂ ನೀರಿನ ವೇಗವನ್ನೂ ತಡೆಯುವುದು ಪ್ರತ್ಯಕ್ಷಸಿದ್ಧವಾದುದು. ರಕ್ಷಣೆಗೆ ಅತ್ಯಂತ ಉಚಿತವಾದ ಕಾಲವು ಮೊದಲನೆಯ ಸನಿಕೆ ನೆಲಕ್ಕೆ ತಾಗುವುದಕ್ಕೆ ಮುಂಚಿನ ಕಾಲ. ಅತ್ಯಂತ ಉಚಿತವಾದ ಅವಧಿಯು ಹಳೆಯ ನಕ್ಷೆಯ ಅಂಚು.

ಭಾಷೆಯನ್ನು ಬೋಧಿಸುವವರಿಗೂ ಈ ವಿಷಯದಲ್ಲಿ ಒಂದು ಕರ್ತವ್ಯವಿದೆ. ರಾಜಕಾಲುವೆಯನ್ನು ಚರಂಡಿಯೆಂದೂ ತೀರಭೂಮಿಯನ್ನು ಖರಾಬೆಂದೂ ಕರೆಯುವುದನ್ನೇ ಕೇಳಿ ಬೆಳೆದ ಮಕ್ಕಳಿಗೆ ಅವುಗಳ ಮೊದಲಿನ ಅರ್ಥವು ತಾನಾಗಿ ಹೊಳೆಯುವುದು ಅಸಾಧ್ಯ. ತೊರೆ, ತಡಿ, ಆರವೆ, ಕೋಡಿ ಎಂಬ ಮಾತುಗಳನ್ನು ಪಾಠದಲ್ಲಿ ಬಂದಾಗ ಅರ್ಥ ಹೇಳಿ ಬಿಡುವುದಷ್ಟೇ ಸಾಲದು. ಶಾಲೆಗೆ ಹತ್ತಿರವಿರುವ ಹಳ್ಳದ ದಡಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ, ಗ್ರಾಮನಕ್ಷೆಯಲ್ಲಿ ಅದು ಎಷ್ಟು ಅಗಲವಿದ್ದಿತು, ಈಗ ಎಷ್ಟಿದೆಯೆಂಬುದನ್ನು ಅವರಿಂದಲೇ ಅಳೆಯಿಸಬೇಕು. ಆಗ ಕೂಲಂಕಷವಾದ ವಿಚಾರವೆಂಬುದಕ್ಕೆ ಅವಯವಾರ್ಥವೂ ರೂಢಾರ್ಥವೂ ಏಕಕಾಲದಲ್ಲಿ ಸಾರ್ಥಕವಾಗುವುವು.